ಸೂರು ಮತ್ತು ಕಸುಬು: ಕಮಲಾದೇವಿ ಚಟ್ಟೋಪಾಧ್ಯಾಯರ ಜೀವನ

ಜೀವನಚರಿತ್ರೆಯನ್ನು ಬರೆಯಹೊರಟವರು ಅರಸರನ್ನೋ ದಂಡನಾಯಕರನ್ನೋ ಕವಿಪುಂಗವರನ್ನೋ ಆರಿಸಿಕೊಳ್ಳುವುದು ವಾಡಿಕೆ. ನಮ್ಮ ಗಜೇಂದ್ರಗಡಕ್ಕೂ ಇತಿಹಾಸದ ಪುಸ್ತಕಗಳಲ್ಲಿ ದೊರೆತ ಸ್ಥಾನ ಅಂಥದೇ. ಗುಡ್ಡದ ಮೇಲಿನ ಕೋಟೆ, ಘೋರ್ಪಡೆ ಮನೆತನ, ೧೭೮೭ರಲ್ಲಿ ಟಿಪ್ಪು ಸುಲ್ತಾನನಿಗೂ ಮರಾಠರಿಗೂ ಆದ ಒಪ್ಪಂದ, ಇಷ್ಟನ್ನು ಹೇಳಿ ಪುಸ್ತಕವು ಮುಂದಿನ ಅಧ್ಯಾಯಕ್ಕೆ ಸಾಗಿಬಿಡುತ್ತದೆ. ಆದರೆ ಕೋಟೆ ಬರಿದಾದ ಮೇಲೂ ಊರು ಉಳಿಯಿತಲ್ಲ, ಅದನ್ನು ಉಳಿಸಿದವರು ಯಾರು? ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತ ನೇಕಾರ, ಕುಲುಮೆಯ ಮುಂದಿನ ಕಮ್ಮಾರ, ಬಡಿಗ, ಕುಂಬಾರ, ಸಂತೆಯಲ್ಲಿ ಗೋಣಿ ಹಾಸಿ ಅಂಗಡಿ ಹೂಡುವ ಸಣ್ಣ ವ್ಯಾಪಾರಿ. ಇವರ ಹೆಸರುಗಳು ಯಾವ ಒಪ್ಪಂದದಲ್ಲಿಯೂ ಇಲ್ಲ. ಇಂಥವರಿಗಾಗಿ ತಮ್ಮ ಆಯುಷ್ಯದ ಉತ್ತರಾರ್ಧವನ್ನೆಲ್ಲ ಸವೆಸಿದ ಒಬ್ಬ ಹೆಣ್ಣುಮಗಳ ಬಾಳನ್ನು ನನ್ನ ಸಹವಿದ್ಯಾರ್ಥಿಗಳ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶ. ಅವರೇ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರು.

ಅವರನ್ನೇ ಏಕೆ ಆರಿಸಿಕೊಂಡೆನೆಂಬುದಕ್ಕೆ ಒಂದೆರಡು ಮಾತು ಹೇಳಬೇಕು. ನಾನು ನೇಕಾರರ ಓಣಿಯಲ್ಲಿ ಬೆಳೆದವನು. ನಮ್ಮಲ್ಲಿ ಮನೆ ಬೇರೆ, ದುಡಿಯುವ ಜಾಗ ಬೇರೆ ಎಂಬ ಭೇದವಿಲ್ಲ. ಪಡಸಾಲೆಯ ನೆಲವನ್ನು ತೋಡಿ ಮಗ್ಗದ ಕುಣಿ ಮಾಡಿರುತ್ತಾರೆ. ಅಲ್ಲಿಯೇ ಲಾಳಿ ಓಡುತ್ತದೆ, ಅದರ ಬದಿಯಲ್ಲಿಯೇ ಅಜ್ಜಿ ಕಂಡಿಕೆ ಸುತ್ತುತ್ತಾಳೆ, ಆಚೆಯ ಮೂಲೆಯಲ್ಲಿ ಒಲೆ ಉರಿಯುತ್ತದೆ. ಹಾಸಿಗೆ ಗಂಜಿ ಹಾಕುವ ದಿನ ಓಣಿಯ ಉದ್ದವೆಲ್ಲ ನೂಲು. ಮಳೆ ಹಿಡಿಯಿತೆಂದರೆ ಗಂಜಿ ಒಣಗುವುದಿಲ್ಲ, ಕುಣಿಗೆ ತೇವ ಏರುತ್ತದೆ, ಕೆಲಸ ನಿಲ್ಲುತ್ತದೆ. ಲಗ್ನಸರಾಯಿಯಲ್ಲಿ ಹಗಲಿರುಳು ನೇಯ್ದರೂ ಸೀರೆ ಸಾಲದು. ಲಗ್ನಸರಾಯಿ ಮುಗಿದರೆ ನೇಯ್ದ ಸೀರೆಗೆ ಕೇಳುವವರಿಲ್ಲ. ಕರಾವಳಿಯವರಿಗೆ ಮಳೆಗಾಲದ ಎರಡು ತಿಂಗಳು ದೋಣಿ ದಡದಲ್ಲಿ ಮಲಗುವಂತೆ ನಮ್ಮ ಮಗ್ಗಕ್ಕೂ ಮಲಗುವ ಕಾಲವೊಂದುಂಟು. ದುಡಿಮೆಗೆ ಋತುವುಂಟು, ಹೊಟ್ಟೆಗೆ ಋತುವಿಲ್ಲ, ಬಾಡಿಗೆಗೂ ಇಲ್ಲ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಸ್ವಂತ ಮನೆಯಿಲ್ಲದ ನೇಕಾರನು ನೇಕಾರನಾಗಿ ಉಳಿಯುವುದು ಬಲು ಕಷ್ಟ. ಬಾಡಿಗೆಯ ಮನೆಯ ನೆಲದಲ್ಲಿ ಕುಣಿ ತೋಡಲು ಯಾವ ಯಜಮಾನ ಒಪ್ಪುತ್ತಾನೆ? ಹೀಗಾಗಿ ಅಣ್ಣತಮ್ಮಂದಿರು ಪಾಲಾಗಿ ಒಬ್ಬನ ಪಾಲಿಗೆ ಮಗ್ಗದ ಪಡಸಾಲೆ ಬಂದರೆ, ಇನ್ನೊಬ್ಬನು ಗದಗಿಗೋ ಹುಬ್ಬಳ್ಳಿಗೋ ಕೂಲಿಗೆ ಹೊರಡುತ್ತಾನೆ. ಅವನ ಕೈಯ ಕಸುಬು ಅಲ್ಲಿಗೆ ಮುಗಿಯಿತು. ಸೂರು ಹೋದರೆ ಕಸುಬು ಹೋಗುತ್ತದೆ. ಕಸುಬು ಹೋದರೆ ಸೂರೂ ಉಳಿಯುವುದಿಲ್ಲ. ಈ ಎರಡನ್ನು ಒಂದೇ ಗಂಟಿನಲ್ಲಿ ಕಂಡವರು, ಕಂಡು ಸುಮ್ಮನಿರದೆ ಕೆಲಸಕ್ಕೆ ಇಳಿದವರು ಕಮಲಾದೇವಿಯವರು. ಅವರ ಬಾಳು ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕಾರಣಕ್ಕಾಗಿ.

ಕಮಲಾದೇವಿಯವರು ೧೯೦೩ನೆಯ ಇಸವಿ ಏಪ್ರಿಲ್ ೩ರಂದು ಮಂಗಳೂರಿನಲ್ಲಿ, ಸಾರಸ್ವತ ಮನೆತನವೊಂದರಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರರು ಸರಕಾರದ ಉನ್ನತಾಧಿಕಾರಿಗಳು. ತಾಯಿ ಗಿರಿಜಾಬಾಯಿಯವರು ಓದುಬಲ್ಲ, ಸ್ವಾಭಿಮಾನಿಯಾದ ಗೃಹಿಣಿ. ಆ ಕಾಲದ ಮಂಗಳೂರು ಕೇವಲ ಬಂದರಿನ ಊರಾಗಿರಲಿಲ್ಲ, ಕಸುಬಿನ ಊರೂ ಆಗಿತ್ತು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಅಲ್ಲಿ ಹೆಂಚಿನ ಕಾರಖಾನೆಯನ್ನು ಆರಂಭಿಸಿದ್ದರು. ನಮ್ಮ ಕಡೆಯ ಮಾಳಿಗೆಮನೆಗಳ ನಡುವೆ ಅಲ್ಲೊಂದು ಇಲ್ಲೊಂದು ಕಾಣುವ ಕೆಂಪು ಹೆಂಚಿಗೆ ಇಂದಿಗೂ ಮಂಗಳೂರು ಹೆಂಚೆಂದೇ ಹೆಸರು. ಅದೇ ಊರಿನಲ್ಲಿ ಕುದ್ಮುಲ್ ರಂಗರಾಯರು ೧೮೯೭ರಲ್ಲಿ ದಲಿತರ ಉದ್ಧಾರಕ್ಕಾಗಿ ಸಂಸ್ಥೆಯೊಂದನ್ನು ಕಟ್ಟಿ, ಶಾಲೆಯೊಡನೆ ನೇಯ್ಗೆಯೇ ಮೊದಲಾದ ಕಸುಬುಗಳನ್ನೂ ಕಲಿಸಿ, ಮನೆಕಟ್ಟಿಕೊಳ್ಳಲು ನೆಲವನ್ನೂ ದೊರಕಿಸಿಕೊಡುತ್ತಿದ್ದರು. ಅಕ್ಷರ, ಕಸುಬು, ಸೂರು ಈ ಮೂರೂ ಜೊತೆಯಾಗಿ ಬರಬೇಕೆಂಬ ವಿಚಾರವು ಆ ಕಡಲತಡಿಯ ಗಾಳಿಯಲ್ಲಿಯೇ ಇತ್ತು ಎಂದರೆ ಅತಿಶಯೋಕ್ತಿಯಾಗದು.

ಕಮಲಾದೇವಿಯವರು ಏಳು ವರ್ಷದ ಬಾಲಕಿಯಾಗಿದ್ದಾಗ ತಂದೆ ತೀರಿಕೊಂಡರು. ಅವರು ಮರಣಶಾಸನವನ್ನು ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲವೂ ಮೊದಲ ಹೆಂಡತಿಯ ಮಗನಿಗೆ ಸೇರಿತು. ಹೆಂಡತಿಗೂ ಹೆಣ್ಣುಮಕ್ಕಳಿಗೂ ಉಳಿದದ್ದು ತಿಂಗಳಿಗಿಷ್ಟು ಎಂಬ ಜೀವನಾಂಶ ಮಾತ್ರ. ಗಿರಿಜಾಬಾಯಿಯವರು ಆ ಜೀವನಾಂಶವನ್ನು ಬೇಡವೆಂದು ತಿರಸ್ಕರಿಸಿ, ತವರಿನಿಂದ ಬಂದ ಸ್ವತ್ತಿನಲ್ಲಿಯೇ ಮಗಳನ್ನು ಬೆಳೆಸಲು ನಿಂತರು. ನಿನ್ನೆಯವರೆಗೆ ತನ್ನದಾಗಿದ್ದ ಮನೆ ಇಂದು ತನ್ನದಲ್ಲವಾಗುವುದು ಹೇಗಿರುತ್ತದೆಂಬುದನ್ನು ಆ ಬಾಲಕಿ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಮುಂದೆ ದಿಲ್ಲಿಯ ಬಳಿ ಸಾವಿರಾರು ಮನೆಗೆಟ್ಟವರ ನಡುವೆ ಅವರು ನಿಂತಾಗ, ದಯೆಯಿಂದ ಬಂದ ಅನ್ನಕ್ಕಿಂತ ದುಡಿದು ಪಡೆದ ಸೂರು ಮೇಲೆಂಬ ತಾಯಿಯ ಹಟವೇ ಅವರ ಕೆಲಸದಲ್ಲಿ ಕಾಣುತ್ತದೆಂದು ನನಗನ್ನಿಸುತ್ತದೆ.

ಅಂದಿನ ರೂಢಿಯಂತೆ ಅವರಿಗೆ ಬಾಲ್ಯದಲ್ಲಿಯೇ ವಿವಾಹವಾಯಿತು. ಅಲ್ಪಕಾಲದಲ್ಲಿಯೇ ವೈಧವ್ಯವೂ ಬಂದಿತು. ವಿಧವೆಯಾದ ಹುಡುಗಿಯನ್ನು ಒಳಮನೆಯ ಕತ್ತಲೆಗೆ ದೂಡುವ ಕಾಲವದು. ಗಿರಿಜಾಬಾಯಿಯವರು ಮಗಳನ್ನು ಓದಲು ಕಳಿಸಿದರು. ಮದರಾಸಿನಲ್ಲಿ ಕಾಲೇಜು ಓದುತ್ತಿದ್ದಾಗ ಕವಿಯೂ ನಟರೂ ಆದ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ ಅವರನ್ನು ಮದುವೆಯಾದರು. ಹರೀಂದ್ರನಾಥರು ಸರೋಜಿನಿ ನಾಯಿಡು ಅವರ ತಮ್ಮಂದಿರು. ಜಾತಿ ಮೀರಿದ ಮದುವೆ, ಅದರಲ್ಲಿಯೂ ವಿಧವೆಯ ಮರುಮದುವೆ. ಊರ ಬಾಯಿಗೆ ಬೀಗವಿರಲಿಲ್ಲ. ಸಂಸಾರದಲ್ಲಿ ಒಬ್ಬ ಮಗನಾದನು. ಕೆಲವು ವರ್ಷಗಳ ತರುವಾಯ ದಂಪತಿಗಳ ದಾರಿ ಬೇರೆಯಾಯಿತು. ಆ ನೋವನ್ನು ಅವರು ತಮ್ಮ ಸಾರ್ವಜನಿಕ ಬಾಳಿಗೆ ಅಡ್ಡಬರಗೊಡಲಿಲ್ಲ.

ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ ಅಸಹಕಾರ ಚಳುವಳಿಯ ಸುದ್ದಿ ಕೇಳಿ ಅವರು ಸ್ವದೇಶಕ್ಕೆ ಮರಳಿದರು. ಇಲ್ಲಿಂದ ಅವರ ಕಥೆಗೂ ನಮ್ಮ ನಾಡಿಗೂ ನಂಟು ಬೆಳೆಯುತ್ತದೆ. ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು ೧೯೨೩ರಲ್ಲಿ ಕಟ್ಟಿದ ಹಿಂದುಸ್ತಾನಿ ಸೇವಾದಳವನ್ನು ಸೇರಿ, ಹೆಣ್ಣುಮಕ್ಕಳನ್ನು ಸ್ವಯಂಸೇವಕಿಯರನ್ನಾಗಿ ತರಬೇತುಗೊಳಿಸುವ ಹೊಣೆಯನ್ನು ಅವರು ಹೊತ್ತರು. ೧೯೨೬ರಲ್ಲಿ ಮದರಾಸು ಶಾಸನಸಭೆಗೆ ಸ್ತ್ರೀಯರೂ ನಿಲ್ಲಬಹುದೆಂದಾದಾಗ ಕೆಲವೇ ದಿನಗಳ ಸಿದ್ಧತೆಯೊಡನೆ ಚುನಾವಣೆಗೆ ನಿಂತು ಕೂದಲೆಳೆಯ ಅಂತರದಲ್ಲಿ ಸೋತರು. ಮರುವರ್ಷ ಸ್ಥಾಪಿತವಾದ ಅಖಿಲ ಭಾರತ ಮಹಿಳಾ ಸಮ್ಮೇಳನಕ್ಕೆ ಮೊದಲ ಕಾರ್ಯದರ್ಶಿಗಳಾದರು. ೧೯೩೦ರ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರೂ ನೇರವಾಗಿ ಭಾಗವಹಿಸಬೇಕೆಂದು ಮಹಾತ್ಮರಲ್ಲಿ ವಾದಿಸಿ ಒಪ್ಪಿಸಿದರು. ಮುಂಬಯಿಯ ಕಡಲತೀರದಲ್ಲಿ ಉಪ್ಪು ಮಾಡಿದರು. ಆ ಉಪ್ಪಿನ ಪೊಟ್ಟಣಗಳನ್ನು ಲಕ್ಷಾಂತರ ರೂಪಾಯಿಗಳ ವಹಿವಾಟು ನಡೆಯುವ ಷೇರು ಪೇಟೆಯೊಳಗೇ ಒಯ್ದು ಮಾರಿದರು. ಸೆರೆಮನೆ ಅವರಿಗೆ ಮತ್ತೆ ಮತ್ತೆ ಮನೆಯಾಯಿತು. ೧೯೩೬ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷ ಸ್ಥಾನವೂ ಅವರಿಗೆ ದೊರೆಯಿತು.

ಇಷ್ಟು ಸಾಧಿಸಿದವರು ಸ್ವಾತಂತ್ರ್ಯ ಬಂದ ಮೇಲೆ ಮಂತ್ರಿಪದವಿಯ ಬಾಗಿಲಲ್ಲಿ ನಿಂತಿದ್ದರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಅವರು ಅತ್ತ ಹೊರಳಲಿಲ್ಲ. ೧೯೪೭ರ ದೇಶವಿಭಜನೆಯಿಂದ ಮನೆಮಾರು ಕಳೆದುಕೊಂಡು ದಿಲ್ಲಿಯ ಸುತ್ತ ಡೇರೆಗಳಲ್ಲಿ ಬಿದ್ದಿದ್ದ ನಿರಾಶ್ರಿತರತ್ತ ಹೊರಳಿದರು. ಅವರಿಗೆ ಹೊಳೆದ ಉಪಾಯ ಒಂದೇ: ನಿರಾಶ್ರಿತರು ಸಹಕಾರ ಸಂಘಗಳನ್ನು ಕಟ್ಟಿಕೊಂಡು ತಾವೇ ತಮ್ಮ ಬದುಕನ್ನು ಎತ್ತಿ ನಿಲ್ಲಿಸಬೇಕು. ಗಾಂಧೀಜಿಯವರ ಮುಂದೆ ಈ ವಿಚಾರವನ್ನಿಟ್ಟಾಗ, ಸರಕಾರದ ಹಣಕ್ಕೆ ಕೈಯೊಡ್ಡದೆ ನಡೆಸುವುದಾದರೆ ನಡೆಸಬೇಕೆಂಬ ಕಟ್ಟಳೆಯೊಡನೆ ಅವರು ಒಪ್ಪಿಗೆಯಿತ್ತರು. ಹೀಗೆ ೧೯೪೮ರಲ್ಲಿ ಭಾರತೀಯ ಸಹಕಾರಿ ಒಕ್ಕೂಟವು ಹುಟ್ಟಿತು. ದಿಲ್ಲಿಯ ದಕ್ಷಿಣದ ಛತ್ತರಪುರದಲ್ಲಿ ನಿರಾಶ್ರಿತ ರೈತರ ಸಹಕಾರಿ ಬೇಸಾಯದಿಂದ ಅದು ಕೆಲಸವನ್ನು ಆರಂಭಿಸಿತು.

ಸಹಕಾರವೆಂಬ ಮಾತು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ೧೯೦೪ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ, ಗದಗಿನ ನೆರೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸಲು ರೈತರೇ ಕೂಡಿ ಹಣ ಹಾಕಿದ ಸಂಘವದು. ಕಮಲಾದೇವಿಯವರು ಹಿಡಿದ ದಾರಿಯೂ ಇದೇ. ವ್ಯತ್ಯಾಸವಿಷ್ಟೆ: ಕಣಗಿನಹಾಳದವರಿಗೆ ಹೊಲವಿತ್ತು, ಊರಿತ್ತು, ಒಬ್ಬರನ್ನೊಬ್ಬರು ಬಲ್ಲವರಿದ್ದರು. ದಿಲ್ಲಿಯ ಬಳಿಯ ನಿರಾಶ್ರಿತರಿಗೆ ಎರಡು ಕೈಗಳ ಹೊರತು ಬೇರೇನೂ ಇರಲಿಲ್ಲ.

ಆ ಎರಡು ಕೈಗಳಿಂದ ಒಂದು ಪಟ್ಟಣವೇ ಎದ್ದಿತು. ಅದೇ ಫರೀದಾಬಾದು. ವಾಯವ್ಯ ಗಡಿನಾಡಿನ ಬನ್ನು, ಕೋಹಾಟ, ಡೇರಾ ಇಸ್ಮಾಯಿಲ್ ಖಾನ್ ಮೊದಲಾದ ಕಡೆಗಳಿಂದ ಬಂದ ಸುಮಾರು ೩೦,೦೦೦ ಜನರನ್ನು ದಿಲ್ಲಿಯ ದಕ್ಷಿಣಕ್ಕಿರುವ ಆ ಸ್ಥಳದಲ್ಲಿ ನೆಲೆಗೊಳಿಸುವ ಕಾರ್ಯವು ೧೯೪೯ರಲ್ಲಿ ತೊಡಗಿತು. ಇದಕ್ಕಾಗಿ ರಚಿತವಾದ ಅಭಿವೃದ್ಧಿ ಮಂಡಳಿಯ ಸಭೆಗಳಿಗೆ ಪ್ರಧಾನಿ ನೆಹರೂ ಅವರೇ ಬಂದು ಕೂಡುತ್ತಿದ್ದರು. ಸುಧೀರ ಘೋಷರು ಮುಖ್ಯ ಆಡಳಿತಾಧಿಕಾರಿಗಳು. ಕಮಲಾದೇವಿಯವರ ಒಕ್ಕೂಟದ ಪರವಾಗಿ ಸ್ಥಳದಲ್ಲಿ ನಿಂತು ಸಂಘಗಳನ್ನು ಕಟ್ಟಿದವರು ತರುಣ ಲಕ್ಷ್ಮೀಚಂದ ಜೈನರು.

ಇಲ್ಲಿ ನಡೆದ ಕ್ರಮವನ್ನು ನಾವು ಗಮನವಿಟ್ಟು ನೋಡಬೇಕು. ಸರಕಾರವು ಮನೆ ಕಟ್ಟಿಸುವುದೆಂದರೆ ಗುತ್ತಿಗೆದಾರನನ್ನು ಕರೆಯುವುದು ಲೋಕರೂಢಿ. ಗುತ್ತಿಗೆದಾರನು ಹೊರಗಿನ ಕೂಲಿಗಳನ್ನು ತಂದು ಕಟ್ಟಿಸಿ, ಲಾಭ ಕಟ್ಟಿಕೊಂಡು ಹೋಗುತ್ತಾನೆ. ಮನೆಯಲ್ಲಿ ಇರಬೇಕಾದವನು ಅಷ್ಟು ದಿನವೂ ಡೇರೆಯಲ್ಲಿ ಕುಳಿತು ಪುಕ್ಕಟೆ ಅನ್ನ ಉಣ್ಣುತ್ತಿರುತ್ತಾನೆ. ಫರೀದಾಬಾದಿನಲ್ಲಿ ನಿರಾಶ್ರಿತರೇ ಕಾರ್ಮಿಕ ಸಹಕಾರ ಸಂಘಗಳನ್ನು ಮಾಡಿಕೊಂಡು ತಮ್ಮ ಮನೆಗಳನ್ನು ತಾವೇ ಕಟ್ಟಲು ಮುಂದಾದರು. ಅವರಲ್ಲಿ ಬಹುಮಂದಿ ಅಂಗಡಿಕಾರರು, ವ್ಯಾಪಾರಿಗಳು. ತಕ್ಕಡಿ ಹಿಡಿದ ಕೈಗಳೇ ಹೊರತು ಗುದ್ದಲಿ ಹಿಡಿದವಲ್ಲ. ಅಂಥವರು ಮಣ್ಣು ಹೊತ್ತರು, ಗೋಡೆ ಎತ್ತಿದರು, ರಸ್ತೆ ಹಾಕಿದರು. ಮನೆಗೆಂದು ವೆಚ್ಚವಾದ ಹಣವೇ ಕೂಲಿಯಾಗಿ ಅದೇ ಮನೆಗೆ ಬಂದಿತು. ಕೆಲವೇ ವರ್ಷಗಳಲ್ಲಿ ಸುಮಾರು ೫,೦೦೦ ಮನೆಗಳು, ಶಾಲೆಗಳು, ಆಸ್ಪತ್ರೆ ಎಲ್ಲವೂ ಸಿದ್ಧವಾದವು. ಜೊತೆಗೆ ಸಣ್ಣ ಉದ್ಯಮಗಳು, ಸಹಕಾರಿ ಅಂಗಡಿಗಳು ತಲೆಯೆತ್ತಿದವು. ಸೂರು ಮೊದಲೋ ದುಡಿಮೆ ಮೊದಲೋ ಎಂಬ ಹಳೆಯ ತರ್ಕಕ್ಕೆ ಅಲ್ಲಿ ಎಡೆಯೇ ಇರಲಿಲ್ಲ. ಸೂರು ಕಟ್ಟುವುದೇ ಮೊದಲ ದುಡಿಮೆಯಾಗಿತ್ತು.

ಆದರೆ ಕಥೆ ಇಲ್ಲಿಗೆ ಸುಖಾಂತವಾಗಲಿಲ್ಲ. ಕೆಲವು ವರ್ಷಗಳಲ್ಲಿ ಫರೀದಾಬಾದಿನ ಆಡಳಿತವು ಸರಕಾರದ ಮಾಮೂಲು ಇಲಾಖೆಗಳ ಕೈಗೆ ಹೋಯಿತು. ಜನರು ತಾವೇ ನಿರ್ಧರಿಸಿ ತಾವೇ ನಡೆಸುವ ಪದ್ಧತಿಯು ಕಡತ ಕಟ್ಟುವ ಪದ್ಧತಿಗೆ ಒಗ್ಗಲಿಲ್ಲ. ಸಂಘಗಳು ಒಂದೊಂದಾಗಿ ಸೊರಗಿದವು. ಊರು ದೊಡ್ಡ ಕೈಗಾರಿಕಾ ನಗರವಾಗಿ ಬೆಳೆಯಿತು, ಹೆಸರನ್ನೂ ಗಳಿಸಿತು. ಆದರೆ ಅದನ್ನು ಕಟ್ಟಿದವರೇ ಅದರ ಒಡೆಯರೆಂಬ ಮೂಲ ಸಂಕಲ್ಪವು ಹಿಂದೆ ಉಳಿಯಿತು. ಕಮಲಾದೇವಿಯವರ ಬಾಳನ್ನು ಹೊಗಳುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ. ನನಗಾದರೋ ಅವರ ಗೆಲುವಿನಷ್ಟೇ ಈ ಹಿನ್ನಡೆಯೂ ಪಾಠವೆಂದು ತೋರುತ್ತದೆ. ಮನೆಗಳು ನಿಂತವು, ಸಂಘಗಳು ನಿಲ್ಲಲಿಲ್ಲ. ಗೋಡೆಯನ್ನು ಒಮ್ಮೆ ಕಟ್ಟಿದರೆ ಸಾಕು. ಸಂಘವನ್ನು ದಿನವೂ ಕಟ್ಟುತ್ತಿರಬೇಕು.

ಅವರು ಎದೆಗುಂದಲಿಲ್ಲ. ೧೯೫೨ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯು ಸ್ಥಾಪಿತವಾದಾಗ ಅದರ ಅಧ್ಯಕ್ಷತೆಯನ್ನು ವಹಿಸಿಕೊಂಡು ದೀರ್ಘಕಾಲ ನಡೆಸಿದರು. ಅದೇ ವರ್ಷ ದಿಲ್ಲಿಯ ಕೇಂದ್ರೀಯ ಗುಡಿಕೈಗಾರಿಕಾ ಮಾರಾಟ ಭಂಡಾರವನ್ನು ಸರಕಾರವು ಅವರ ಸಹಕಾರಿ ಒಕ್ಕೂಟದ ವಶಕ್ಕೆ ಕೊಟ್ಟಿತು. ದೂರದ ಹಳ್ಳಿಯ ಕುಶಲಕರ್ಮಿಯು ಮಾಡಿದ ವಸ್ತುವಿಗೆ ರಾಜಧಾನಿಯ ನಡುವೆ ಒಂದು ಅಂಗಡಿ, ತಕ್ಕ ಬೆಲೆ, ಹೊರದೇಶದ ಗಿರಾಕಿ: ಈ ಮೂರನ್ನೂ ಆ ಭಂಡಾರವು ಒದಗಿಸಿತು. ಸಣ್ಣ ಉದ್ಯಮಿಗೆ ಬೇಕಾದುದು ಕೇವಲ ಸಾಲವಲ್ಲ. ಒಳ್ಳೆಯ ಕಚ್ಚಾಮಾಲು, ಕಾಲಕ್ಕೊಪ್ಪುವ ವಿನ್ಯಾಸ, ಹಂಗಿಲ್ಲದ ಮಾರುಕಟ್ಟೆ, ಸರಾಯಿ ಇಲ್ಲದ ತಿಂಗಳುಗಳಲ್ಲಿಯೂ ಮಾಲು ಕೊಳ್ಳುವವರು ಬೇಕು. ಇವುಗಳನ್ನು ಒಬ್ಬ ನೇಕಾರನು ಒಂಟಿಯಾಗಿ ಎಂದೂ ಪಡೆಯಲಾರ. ಹತ್ತು ಜನ ಕೂಡಿದರೆ ಪಡೆಯಬಹುದು. ಮದುವೆಗೆ ಮುಂಚೆ ಕೊಳ್ಳುವ ಗಿರಾಕಿಗಾಗಿ ವರ್ಷವೆಲ್ಲ ಕಾಯುವ ನಮ್ಮ ಓಣಿಯವರಿಗೆ ಈ ಮಾತಿನ ತೂಕ ಬಿಡಿಸಿ ಹೇಳಬೇಕಾಗಿಲ್ಲ.

ಅವರು ದೇಶವನ್ನೆಲ್ಲ ಸುತ್ತಿದರು. ಯಾವ ಹಳ್ಳಿಯಲ್ಲಿ ಯಾವ ಕಸುಬು ಕೊನೆಯುಸಿರು ಎಳೆಯುತ್ತಿದೆಯೆಂದು ಹುಡುಕಿಕೊಂಡು ಹೋಗುವುದು ಅವರ ನಿತ್ಯವ್ರತವಾಗಿತ್ತು. ಶ್ರೀಕಾಳಹಸ್ತಿಯ ಕಲಂಕಾರಿ, ಜಯಪುರದ ನೀಲಿ ಮಣ್ಪಾತ್ರೆ ಮೊದಲಾದ ಎಷ್ಟೋ ಕಲೆಗಳು ಮತ್ತೆ ಚಿಗುರಲು ಅವರೂ ಅವರ ಮಂಡಳಿಯೂ ಕಾರಣ. ಬೆಂಗಳೂರನ್ನೊಳಗೊಂಡು ನಾಲ್ಕು ನಗರಗಳಲ್ಲಿ ಮಂಡಳಿಯು ವಿನ್ಯಾಸ ಕೇಂದ್ರಗಳನ್ನು ತೆರೆಯಿತು. ೧೯೬೫ರಿಂದ ಶ್ರೇಷ್ಠ ಕುಶಲಕರ್ಮಿಗಳಿಗೆ ರಾಷ್ಟ್ರೀಯ ಪ್ರಶಸ್ತಿ ಕೊಡುವ ಪದ್ಧತಿಯು ಬಂದಿತು. ಅಲ್ಲಿಯವರೆಗೆ ಪ್ರಶಸ್ತಿಯೆಂದರೆ ಪಂಡಿತರಿಗೆ, ಗಾಯಕರಿಗೆ. ಕುಂಬಾರನೂ ನೇಕಾರನೂ ಅದೇ ವೇದಿಕೆಯನ್ನು ಏರಬಹುದೆಂದು ದೇಶಕ್ಕೆ ಒಪ್ಪಿಸಿದ್ದು ಸಣ್ಣ ಕೆಲಸವಲ್ಲ. ೧೯೬೪ರಲ್ಲಿ ವಿಶ್ವ ಕರಕುಶಲ ಪರಿಷತ್ತಿನ ಸ್ಥಾಪನೆಯಲ್ಲಿಯೂ ಅವರು ಮುಂದಾಳುಗಳಾಗಿದ್ದರು. ನಾಟಕರಂಗಕ್ಕೆ ಅವರು ಸಲ್ಲಿಸಿದ ಸೇವೆಯನ್ನು ಹೇಳಹೊರಟರೆ ಬೇರೊಂದು ಲೇಖನವೇ ಬೇಕು.

ಗೌರವಗಳು ಹುಡುಕಿಕೊಂಡು ಬಂದವು. ೧೯೫೫ರಲ್ಲಿ ಪದ್ಮಭೂಷಣ, ೧೯೬೬ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, ೧೯೮೭ರಲ್ಲಿ ಪದ್ಮವಿಭೂಷಣ. ೧೯೮೬ರಲ್ಲಿ ತಮ್ಮ ಆತ್ಮಕಥೆಯನ್ನು ಪ್ರಕಟಿಸಿದರು. ೧೯೮೮ನೆಯ ಇಸವಿ ಅಕ್ಟೋಬರ್ ೨೯ರಂದು, ಎಂಬತ್ತೈದು ವರ್ಷಗಳ ತುಂಬುಬಾಳನ್ನು ಮುಗಿಸಿ, ಮುಂಬಯಿಯಲ್ಲಿ ತೀರಿಕೊಂಡರು. ಉಪ್ಪು ಮಾಡಿದ ಕಡಲತಡಿಯ ಊರೇ ಅವರ ಕೊನೆಯ ಊರಾಯಿತು.

ಇನ್ನು ಅವರು ಬಿಟ್ಟುಹೋದ ಕೆಲಸದ ಗತಿಯೇನೆಂಬುದನ್ನು ವಿಚಾರಿಸಬೇಕು. ಇಲ್ಲವಾದರೆ ಜೀವನಚರಿತ್ರೆಯು ಬರಿಯ ಮಂಗಳಾರತಿಯಾದೀತು. ನೇಕಾರನಿಗೆ ಮನೆಯೂ ಮಗ್ಗದ ಜಾಗವೂ ಒಟ್ಟಿಗೇ ಬೇಕೆಂಬ ತತ್ತ್ವವನ್ನು ಸರಕಾರಗಳು ತಡವಾಗಿಯಾದರೂ ಒಪ್ಪಿದವು. ೧೯೮೦ರ ದಶಕದಲ್ಲಿ ಕೇಂದ್ರ ಸರಕಾರವು ಕಾರ್ಯಾಗಾರ ಸಹಿತ ವಸತಿಯ ಯೋಜನೆಯನ್ನು ತಂದಿತು. ೧೯೭೫ರಲ್ಲಿ ಸ್ಥಾಪಿತವಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವೂ ಕೆಲವು ನೇಕಾರ ಊರುಗಳಲ್ಲಿ ಮಗ್ಗ ಹೂಡಲು ಬರುವಂಥ ಮನೆಗಳನ್ನು ಕಟ್ಟಿಸಿತು. ೧೯೮೫ರ ಕಾಯಿದೆಯು ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆಂದೇ ಮೀಸಲಿಟ್ಟಿತು. ಮೊದಲು ೨೨ ಬಗೆಗಳಿದ್ದ ಆ ಪಟ್ಟಿಯು ತರುವಾಯ ೧೧ಕ್ಕೆ ಇಳಿಯಿತು. ಕಮಲಾದೇವಿಯವರ ಹೆಸರಿನಲ್ಲಿ ಮಹಿಳಾ ನೇಕಾರರಿಗೆ ರಾಷ್ಟ್ರೀಯ ಪ್ರಶಸ್ತಿಯೂ ಇದೆ.

ಇಷ್ಟಾದರೂ ಲೆಕ್ಕ ಸಮಾಧಾನ ಕೊಡುವಂತಿಲ್ಲ. ೨೦೦೯-೧೦ರ ಕೈಮಗ್ಗ ಗಣತಿಯಲ್ಲಿ ದೇಶದಲ್ಲಿ ಸುಮಾರು ೪೩ ಲಕ್ಷ ನೇಕಾರರೂ ನೇಯ್ಗೆಗೆ ಸಂಬಂಧಿಸಿದ ಕೆಲಸಗಾರರೂ ಇದ್ದರು. ೨೦೧೯-೨೦ರ ಗಣತಿಯಲ್ಲಿ ಅವರು ಸುಮಾರು ೩೫ ಲಕ್ಷಕ್ಕೆ ಇಳಿದರು. ಹತ್ತು ವರ್ಷದಲ್ಲಿ ಎಂಟು ಲಕ್ಷ ಜನ ಕಸುಬು ಬಿಟ್ಟರೆಂದರೆ, ಎಷ್ಟು ಪಡಸಾಲೆಗಳ ಕುಣಿಗಳು ಮುಚ್ಚಿರಬೇಕು! ಇನ್ನೊಂದು ಸಂಗತಿಯೂ ಉಂಟು. ೧೯೫೨ರಿಂದ ಇದ್ದ ಕರಕುಶಲ ಮಂಡಳಿಯನ್ನೂ ಕೈಮಗ್ಗ ಮಂಡಳಿಯನ್ನೂ ೨೦೨೦ರಲ್ಲಿ ಕೇಂದ್ರ ಸರಕಾರವು ರದ್ದುಪಡಿಸಿತು. ಅವು ಕಾಲಕ್ಕೆ ತಕ್ಕಂತೆ ಕೆಲಸ ಮಾಡುತ್ತಿದ್ದವೋ ಇಲ್ಲವೋ ಎಂಬ ವಾದ ಬೇರೆ. ಒಂದು ಆಜ್ಞೆಯಿಂದ ಹುಟ್ಟಿದ್ದು ಇನ್ನೊಂದು ಆಜ್ಞೆಯಿಂದ ಹೋಗಬಹುದೆಂಬುದಂತೂ ಅದರಿಂದ ಸ್ಪಷ್ಟವಾಯಿತು. ಸರಕಾರದ ಹಣಕ್ಕೆ ಕೈಯೊಡ್ಡಬಾರದೆಂಬ ಗಾಂಧೀಜಿಯವರ ಕಟ್ಟಳೆಯ ಅರ್ಥವು ಎಪ್ಪತ್ತು ವರ್ಷಗಳ ತರುವಾಯ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ.

ಹಾಗೆಂದು ಸರಕಾರವು ಕೈಕಟ್ಟಿ ಕೂಡಬೇಕೆಂದು ನಾನು ವಾದಿಸುತ್ತಿಲ್ಲ. ನೆಲ ಕೊಡುವುದು, ಕಡಿಮೆ ಬಡ್ಡಿಯ ಸಾಲ ಕೊಡುವುದು, ನೂಲಿನ ಬೆಲೆ ಹತೋಟಿಯಲ್ಲಿಡುವುದು ಸರಕಾರದ ಧರ್ಮ. ಫರೀದಾಬಾದಿಗೂ ನೆಲ ಬಂದದ್ದು ಸರಕಾರದಿಂದಲೇ. ಆದರೆ ಕೊಟ್ಟದ್ದನ್ನು ಹಿಡಿದುಕೊಳ್ಳುವ ಕೈಗಳು ಕೂಡಿ ನಿಂತಿರಬೇಕು. ಒಬ್ಬೊಬ್ಬರೇ ಅರ್ಜಿ ಹಿಡಿದು ಕಚೇರಿಯ ಮೆಟ್ಟಿಲು ಹತ್ತಿದರೆ ಮಂಜೂರಾದ ಮನೆ ಊರ ಹೊರಗಿನ ಎಲ್ಲಿಯೋ ಒಂದು ಮೂಲೆಯಲ್ಲಿರುತ್ತದೆ. ಅದರ ಕೋಣೆ ಮಗ್ಗಕ್ಕೆ ಸಾಲದು, ಅದರ ಮುಂದೆ ಹಾಸು ಚಾಚಲು ಓಣಿಯಿರದು. ನೇಕಾರರು ಸಂಘವಾಗಿ ನಿಂತು ಕೇಳಿದರೆ, ಇಂಥ ಅಳತೆಯ ಪಡಸಾಲೆ, ಇಷ್ಟು ಉದ್ದದ ಓಣಿ, ಮಳೆಗಾಲಕ್ಕೆ ಗಂಜಿ ಒಣಗಿಸುವ ಒಂದು ಚಪ್ಪರ ಎಂದು ಹೇಳಿ ಕಟ್ಟಿಸಿಕೊಳ್ಳಬಹುದು. ತಮ್ಮ ಕೈಯಿಂದಲೇ ಕಟ್ಟಿಕೊಂಡು ಅದರ ಕೂಲಿಯನ್ನೂ ಉಳಿಸಿಕೊಳ್ಳಬಹುದು. ಇದು ಕನಸಲ್ಲ, ತಕ್ಕಡಿ ಹಿಡಿದ ಜನ ಗುದ್ದಲಿ ಹಿಡಿದು ಮಾಡಿ ತೋರಿಸಿದ್ದು.

ಗಜೇಂದ್ರಗಡವು ತಾಲೂಕು ಕೇಂದ್ರವಾಗಿ ಕೆಲವು ವರ್ಷಗಳಾದವು. ಕಚೇರಿಗಳು ಬಂದಂತೆ ನೆಲದ ಬೆಲೆ ಏರುವುದು ಎಲ್ಲ ಊರುಗಳಲ್ಲಿಯೂ ಕಂಡ ಸಂಗತಿ. ನೆಲ ತುಟ್ಟಿಯಾದಾಗ ಮೊದಲು ಊರ ಹೊರಗೆ ಸರಿಯುವವನು ದೊಡ್ಡ ಅಂಗಡಿಯವನಲ್ಲ, ಸಣ್ಣ ಕಸುಬುದಾರ. ಆದುದರಿಂದ ಈ ಪ್ರಶ್ನೆಯು ಇತಿಹಾಸದ ವಿದ್ಯಾರ್ಥಿಗಳಿಗೆ ಮಾತ್ರ ಸೇರಿದ್ದಲ್ಲ. ಅರ್ಥಶಾಸ್ತ್ರ ಓದುವ ಗೆಳೆಯರು ಸಹಕಾರ ಸಂಘದ ಲೆಕ್ಕಪತ್ರ ನೋಡಬಲ್ಲರು. ರಾಜ್ಯಶಾಸ್ತ್ರದವರು ಯೋಜನೆಗಳ ನಿಯಮಗಳನ್ನು ಓದಿ ಓಣಿಯವರಿಗೆ ತಿಳಿಸಿ ಹೇಳಬಲ್ಲರು. ಭೂಗೋಳದವರು ಯಾವ ಓಣಿಯಲ್ಲಿ ಎಷ್ಟು ಮಗ್ಗ ಉಳಿದಿವೆ, ಎಷ್ಟು ಕುಣಿ ಮುಚ್ಚಿವೆ ಎಂದು ನಕ್ಷೆ ಮಾಡಬಲ್ಲರು. ನಮ್ಮ ಅಧ್ಯಾಪಕರು ಮಾರ್ಗದರ್ಶನ ಮಾಡಿದರೆ ಒಂದು ದಸರೆಯ ರಜೆಯಲ್ಲಿ ಆಗುವ ಕೆಲಸವಿದು. ಪದವಿ ಮುಗಿದ ಮೇಲೆ ನಮ್ಮಲ್ಲಿ ಅನೇಕರು ನೌಕರಿ ಹುಡುಕಿಕೊಂಡು ಹೊರಡುವವರೇ. ಹೊರಡುವ ಮುಂಚೆ ಊರಿನ ಸಾಲವನ್ನು ಇಷ್ಟಾದರೂ ತೀರಿಸಬಹುದಲ್ಲವೇ?

ಮಹಾವ್ಯಕ್ತಿಗಳ ಭಾವಚಿತ್ರಕ್ಕೆ ಹಾರ ಹಾಕುವುದು ಸುಲಭ. ಕಮಲಾದೇವಿಯವರಿಗೆ ಆ ಹಾರ ಬೇಕಾಗಿಲ್ಲ. ಅವರ ಜೀವನ ಕೇಳುವುದೇ ಬೇರೆ. ನೇಕಾರನು ಮಗ್ಗವನ್ನು ಬಿಡದೆ, ಮಗ್ಗವಿರುವ ಮನೆಯನ್ನು ಬಿಡದೆ, ಮನೆಯಿರುವ ಊರನ್ನು ಬಿಡದೆ ಬಾಳುವಂತಾಗಬೇಕು. ಅದು ಯಾರ ಹಂಗಿನಿಂದಲೂ ಅಲ್ಲ, ಕೂಡಿ ದುಡಿಯುವವರ ಸ್ವಂತ ಬಲದಿಂದ ಆಗಬೇಕು. ಕೊಂಡಿ ಹಾಕದೆ ಸೆರಗೂ ಒಡಲೂ ಒಂದು ಸೀರೆಯಾಗುವುದಿಲ್ಲವೆಂಬುದನ್ನು ಇಳಕಲ್ಲಿನ ನೆರೆಯಲ್ಲಿರುವ ನಮಗೆ ಯಾರೂ ಕಲಿಸಬೇಕಾಗಿಲ್ಲ. ಸೂರಿಗೂ ಕಸುಬಿಗೂ ಅಂಥ ಕೊಂಡಿ ಹಾಕುವ ಕೆಲಸ ನಮ್ಮ ಪಾಲಿಗೆ ಉಳಿದಿದೆ.